ದಂಡ ತೀರಿದರೂ ದಾಖಲೆ ತೀರದು

ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು–ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿಯೊಂದು 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರ ಸಮೀಪದ ಘಟ್ಟದಲ್ಲಿ ಕಂದಕಕ್ಕೆ ಉರುಳಿತು. ಸರಕಿನ ಜತೆಯಲ್ಲೇ ಪ್ರಯಾಣಿಸುತ್ತಿದ್ದ ಸವಣೂರಿನ ಹತ್ತು ಮಂದಿ ವ್ಯಾಪಾರಿಗಳು ಪ್ರಾಣ ಕಳೆದುಕೊಂಡರು. ಮತ್ತೊಂದು ವಾಹನಕ್ಕೆ ದಾರಿ ಬಿಡಲು ಲಾರಿ ಎಡಕ್ಕೆ ಸರಿದಾಗ ಅವಘಡ ಸಂಭವಿಸಿತೆಂದು ಪೊಲೀಸರು ಅಂದೇ ತಿಳಿಸಿದ್ದರು. ಆನಂತರ ನಡೆದ ಚರ್ಚೆಯೆಲ್ಲ ಪರಿಹಾರದ ಮೊತ್ತ ಮತ್ತು ತಡೆಗೋಡೆಯಿಲ್ಲದ ರಸ್ತೆಯ ಸುತ್ತ ನಡೆಯಿತು. ಅವೆರಡೂ ಚರ್ಚೆಯಾಗಬೇಕಾದ ವಿಷಯಗಳೇ. ಆದರೆ ಸರಕು ವಾಹನದಲ್ಲಿ ಜನರನ್ನು ಹೇರಿಕೊಂಡು ಹೋಗುವುದು ಸವಣೂರಿಗಷ್ಟೇ ಅಲ್ಲ, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ತಾಲ್ಲೂಕುಗಳಿಗೂ ಹೊಸತಲ್ಲದಿರುವಾಗ, ಇಂತಹ ಪ್ರಯಾಣಗಳು ಚಾಲಕರ ಪರವಾನಗಿಯ ಮೇಲೆ ಯಾವ ಗುರುತನ್ನು ಬಿಡುತ್ತವೆ ಎಂಬ ಪ್ರಶ್ನೆ ಮಾತ್ರ ಬದಿಗೆ ಸರಿಯಿತು.

ಉತ್ತರ ಹುಡುಕಹೊರಟರೆ ವಿಚಿತ್ರವೆನಿಸುವ ಸಂಗತಿಯೊಂದು ಎದುರಾಗುತ್ತದೆ. ಹೆಲ್ಮೆಟ್ ಇಲ್ಲದೆ ಮೋಟಾರ್ ಸೈಕಲ್ ಓಡಿಸಿದವನ ಪರವಾನಗಿಯನ್ನು ಸ್ಥಳದಲ್ಲೇ ವಶಪಡಿಸಿಕೊಂಡು ಅಮಾನತಿಗೆ ಕಳುಹಿಸಬೇಕೆಂದು ಕಾಯ್ದೆ ಪೊಲೀಸರಿಗೆ ಕಟ್ಟಪ್ಪಣೆ ಮಾಡಿದೆ. ಲಾರಿಯ ಮೂಟೆಗಳ ಮೇಲೆ ಜನರನ್ನು ಕೂರಿಸಿಕೊಂಡು ಹೊರಟವನ ವಿಷಯದಲ್ಲಿ ಅಂತಹ ಕಟ್ಟಪ್ಪಣೆ ಇಲ್ಲ.

ಇದು ಅರ್ಥವಾಗಬೇಕಾದರೆ 2019ರ ತಿದ್ದುಪಡಿಗೆ ಹೋಗಬೇಕು. 1988ರ ಮೋಟಾರು ವಾಹನ ಕಾಯ್ದೆಗೆ ಸಂಸತ್ತು ತಂದ ಆ ತಿದ್ದುಪಡಿಯ ಬಹುಪಾಲು ಅಂಶಗಳು 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದವು. ಅಂದಿನ ಪತ್ರಿಕೆಗಳ ಮುಖಪುಟಗಳನ್ನು ತುಂಬಿದ್ದು ದಂಡದ ಮೊತ್ತ. ನೂರು ರೂಪಾಯಿ ಇದ್ದಲ್ಲಿ ಸಾವಿರ, ಸಾವಿರ ಇದ್ದಲ್ಲಿ ಐದು ಸಾವಿರ ಎಂಬ ಪಟ್ಟಿಯನ್ನು ಓದಿ ಜನ ಹೌಹಾರಿದರು. ಕರ್ನಾಟಕ ಸರಕಾರವೂ ಮೊದಲು ಆ ಮೊತ್ತವನ್ನೇ ಒಪ್ಪಿ, ಪ್ರತಿಭಟನೆಯ ಬಿಸಿ ತಟ್ಟಿದ ಕೂಡಲೇ ಅದೇ ತಿಂಗಳ ಮೂರನೇ ವಾರದಲ್ಲಿ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದ ಸವಾರಿಗೆ 1,000 ರೂಪಾಯಿ ಇದ್ದದ್ದು 500 ಆಯಿತು. ಸೀಟ್ ಬೆಲ್ಟ್ ಧರಿಸದಿದ್ದರೂ ಹಾಗೆಯೇ. ದಂಡ ಇಳಿಯಿತೆಂಬ ಸಮಾಧಾನದಲ್ಲಿ ತಿದ್ದುಪಡಿಯ ಇನ್ನೊಂದು ಭಾಗ ಯಾರ ಕಣ್ಣಿಗೂ ಬೀಳದೆ ಹೋಯಿತು.

ಸಂಚಾರ ತಪ್ಪಿಗೆ ಸ್ಥಳದಲ್ಲೇ ದಂಡ ಪಡೆದು ಪ್ರಕರಣ ಮುಗಿಸುವುದಕ್ಕೆ ಕಾನೂನಿನಲ್ಲಿ ರಾಜಿ ಎಂದು ಹೆಸರು. ಕಾಯ್ದೆಯ 200ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ, ರಾಜಿಯ ಮೊತ್ತವನ್ನು ನಿಗದಿಪಡಿಸುವ ಅಧಿಕಾರವನ್ನು ರಾಜ್ಯಕ್ಕೆ ಬಿಡುತ್ತದೆ. ರಾಜ್ಯ ದಂಡ ಇಳಿಸಿದ್ದು ಈ ಅಧಿಕಾರದ ಬಲದಿಂದ. ಆದರೆ 2019ರಲ್ಲಿ ಇದೇ ಕಲಮಿಗೆ ಎರಡು ಷರತ್ತುಗಳು ಸೇರಿದವು. ದಂಡ ಕಟ್ಟಿ ರಾಜಿಯಾದ ತಪ್ಪನ್ನು ಮುಂದೆ ಅದೇ ತಪ್ಪು ಮರುಕಳಿಸಿದಾಗ ‘ಹಿಂದೆ ಮಾಡಿದ ಅಪರಾಧ’ ಎಂದೇ ಎಣಿಸತಕ್ಕದ್ದು ಎಂಬುದು ಮೊದಲನೆಯದು. ರಾಜಿಯಾದ ಮಾತ್ರಕ್ಕೆ ಪರವಾನಗಿ ವಶಪಡಿಸಿಕೊಳ್ಳುವ ಕ್ರಮದಿಂದಾಗಲಿ, ವಿಧಿಸಿದ್ದರೆ ಮರುತರಬೇತಿಯಿಂದಾಗಲಿ, ಸಮುದಾಯ ಸೇವೆಯಿಂದಾಗಲಿ ಬಿಡುಗಡೆ ಇಲ್ಲ ಎಂಬುದು ಎರಡನೆಯದು. ರಸೀದಿ ಹರಿದು ಕೊಟ್ಟ ಮೇಲೆ ವ್ಯವಹಾರ ಮುಗಿಯಿತೆಂಬ ನಮ್ಮ ಊರುಗಳ ನಂಬಿಕೆಗೆ ಇದಕ್ಕಿಂತ ನೇರವಾದ ನಿರಾಕರಣೆ ಬೇಕಿಲ್ಲ. ರಾಜ್ಯ ಸರಕಾರ ಅರ್ಧಕ್ಕೆ ಇಳಿಸಿದ್ದು ಹಣವನ್ನು ಮಾತ್ರ, ಲೆಕ್ಕವನ್ನಲ್ಲ.

ಪರವಾನಗಿ ವಶಪಡಿಸಿಕೊಳ್ಳುವ ಮಾತು ಇರುವುದು 206ನೇ ಕಲಮಿನಲ್ಲಿ. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಚಾಲನೆ, ರಸ್ತೆಯಲ್ಲಿ ಪಂದ್ಯ ಕಟ್ಟುವುದು, ಸುರಕ್ಷಿತ ಸ್ಥಿತಿಯಲ್ಲಿಲ್ಲದ ವಾಹನ ಓಡಿಸುವುದು, ಬೈಕಿನಲ್ಲಿ ಮೂವರು ಕೂರುವುದು, ಹೆಲ್ಮೆಟ್ ಇಲ್ಲದಿರುವುದು, ಆಂಬುಲೆನ್ಸಿನಂತಹ ತುರ್ತು ವಾಹನಕ್ಕೆ ದಾರಿ ಕೊಡದಿರುವುದು — ಪೊಲೀಸರು ಪರವಾನಗಿ ವಶಕ್ಕೆ ಪಡೆದು ಸಾರಿಗೆ ಇಲಾಖೆಯ ಪರವಾನಗಿ ಪ್ರಾಧಿಕಾರಕ್ಕೆ ಕಳುಹಿಸಬೇಕಾದ ತಪ್ಪುಗಳು ಇವು. ಚಾಲನೆಯ ವೇಳೆ ಕೈಯಲ್ಲಿ ಮೊಬೈಲ್ ಹಿಡಿಯುವುದು, ಕೆಂಪು ದೀಪ ದಾಟುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಈಗ ಅಪಾಯಕಾರಿ ಚಾಲನೆಯ ವ್ಯಾಖ್ಯೆಯೊಳಗೇ ಬರುತ್ತವೆ. ಪರವಾನಗಿ ತೆಗೆದುಕೊಂಡಾಗ ಪೊಲೀಸರು ಸ್ವೀಕೃತಿ ಪತ್ರ ಕೊಡುತ್ತಾರೆ; ಆದರೆ ಪರವಾನಗಿ ಮರಳಿ ಕೈಸೇರುವವರೆಗೆ ಆ ಪತ್ರ ಹಿಡಿದು ವಾಹನ ಓಡಿಸುವಂತಿಲ್ಲ. ಮುಂದಿನದು 19ನೇ ಕಲಮಿನ ಕೆಲಸ. ಮೊದಲ ಅಪರಾಧಕ್ಕೆ ಮೂರು ತಿಂಗಳ ಅನರ್ಹತೆ. ಎರಡನೆಯ ಅಥವಾ ನಂತರದ ಅಪರಾಧಕ್ಕೆ ಪರವಾನಗಿಯೇ ರದ್ದು. ಅವಧಿ ಮುಗಿದ ಮೇಲೂ ಚಾಲಕರ ಮರುತರಬೇತಿ ಮುಗಿಸದೆ ಪರವಾನಗಿ ಮರಳಿ ಸಿಗುವುದಿಲ್ಲ. ರದ್ದಾದವರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲೂ ಅವಕಾಶವಿದೆ.

ಈ ಪಟ್ಟಿಯಲ್ಲಿ ಸರಕು ವಾಹನದಲ್ಲಿ ಜನ ಸಾಗಣೆಯಿಲ್ಲ, ಮಿತಿಮೀರಿದ ಭಾರವೂ ಇಲ್ಲ. ಸಾರಿಗೆ ವಾಹನದಲ್ಲಿ ಹೆಚ್ಚುವರಿ ಪ್ರಯಾಣಿಕರಿದ್ದರೆ 194ಎ ಕಲಂ ತಲೆಗೆ 200 ರೂಪಾಯಿ ದಂಡ ಹೇಳುತ್ತದೆ. ಪರವಾನಗಿಗೆ ಕುತ್ತು ತರಬಹುದಾದದ್ದು ಬೇರೊಂದು ಹಾದಿ: ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮ. ಸಾರ್ವಜನಿಕರಿಗೆ ಉಪದ್ರವ ಅಥವಾ ಅಪಾಯ ತರುವ ಕೃತ್ಯಗಳೆಂದು ಅದು ಹೆಸರಿಸುವ ಪಟ್ಟಿಯಲ್ಲಿ ಸರಕು ವಾಹನದಲ್ಲಿ ಜನರನ್ನು ಸಾಗಿಸುವುದೂ ಮಿತಿಮೀರಿ ಭಾರ ಹೇರುವುದೂ ಸೇರಿವೆ. ಸುಪ್ರೀಂ ಕೋರ್ಟ್ ನೇಮಿಸಿದ್ದ, ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ರಸ್ತೆ ಸುರಕ್ಷತಾ ಸಮಿತಿ 2015ರ ಆಗಸ್ಟ್ 18ರಂದು ಎಲ್ಲ ರಾಜ್ಯಗಳಿಗೂ ಬರೆದು, ಅತಿವೇಗ, ಕುಡಿತ, ಮೊಬೈಲ್ ಬಳಕೆಗಳ ಜತೆಗೆ ಈ ಎರಡಕ್ಕೂ ಕನಿಷ್ಠ ಮೂರು ತಿಂಗಳು ಪರವಾನಗಿ ಅಮಾನತುಗೊಳಿಸಬೇಕೆಂದು ಸೂಚಿಸಿತ್ತು. ಹಾಗಾಗಿ ಅಧಿಕಾರವಿಲ್ಲವೆಂದು ಹೇಳುವಂತಿಲ್ಲ. ಆದರೆ ತಡೆದ ಅಧಿಕಾರಿ ವರದಿ ಬರೆದು ಕಳುಹಿಸಬೇಕು, ಪ್ರಾಧಿಕಾರ ಅದನ್ನು ಕೈಗೆತ್ತಿಕೊಳ್ಳಬೇಕು. ಬರೆಯದಿದ್ದರೆ ಆ ಪ್ರಯಾಣ ನಡೆದೇ ಇಲ್ಲ.

ಒಂದೇ ಕಾರ್ಡು, ಎರಡು ಬದುಕು

ನಾಲ್ಕೂ ತಾಲ್ಲೂಕುಗಳಲ್ಲಿ ವಾಹನ ಚಾಲನೆ ಹವ್ಯಾಸವಲ್ಲ, ದುಡಿಮೆ. ಸವಣೂರಿನ ಎಲೆ–ತರಕಾರಿ, ಹಾನಗಲ್ಲಿನ ಮಾವು ಮತ್ತು ಭತ್ತ, ಹಿರೇಕೆರೂರಿನ ಗೋವಿನಜೋಳ ಎಲ್ಲವೂ ಊರಿನಿಂದ ಸಂತೆಗೆ, ಸಂತೆಯಿಂದ ಮಾರುಕಟ್ಟೆಗೆ ಹೋಗುವುದು ಬಾಡಿಗೆ ಗಾಡಿಗಳಲ್ಲಿ. ಶಿಗ್ಗಾವಿ ತಾಲ್ಲೂಕನ್ನು ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿ, ಅಂದರೆ ಜನರ ಬಾಯಲ್ಲಿ ಇಂದಿಗೂ ಉಳಿದಿರುವ ಪುಣೆ–ಬೆಂಗಳೂರು ರಸ್ತೆ, ತಡಸ ಮತ್ತು ಬಂಕಾಪುರದ ಸುತ್ತಲಿನ ಎಷ್ಟೋ ಕುಟುಂಬಗಳಿಗೆ ಸ್ಟೇರಿಂಗಿನ ಅನ್ನ ಕೊಟ್ಟಿದೆ. ಇಂತಹವರ ಜೇಬಿನಲ್ಲಿರುವುದು ಒಂದೇ ಕಾರ್ಡು. ಬೈಕಿಗೂ ಅದೇ, ಗಾಡಿಗೂ ಅದೇ.

ಲಘು ವಾಹನದ ಪರವಾನಗಿ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನಗಳನ್ನೂ ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿಯಿತು. ಸಣ್ಣ ಗೂಡ್ಸ್ ಗಾಡಿಗಳ ಚಾಲಕರಿಗೆ ಇದು ದೊಡ್ಡ ನೆಮ್ಮದಿ. ಆದರೆ ಎಲ್ಲ ಬದುಕನ್ನೂ ಒಂದೇ ಕಾರ್ಡಿಗೆ ಕಟ್ಟಿಹಾಕಿದ ತೀರ್ಪೂ ಹೌದು. ಭಾನುವಾರ ಸಂಜೆ ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಪೇಟೆಗೆ ಹೋದ ತಪ್ಪಿಗೆ ಮೂರು ತಿಂಗಳ ಅನರ್ಹತೆ ಬಂದರೆ, ಸೋಮವಾರ ಬೆಳಗ್ಗೆ ಓಡಬೇಕಾದ ಗಾಡಿಯೂ ನಿಲ್ಲಬೇಕಾಗುತ್ತದೆ. ಮೂರು ತಿಂಗಳೆಂದರೆ ಸಾಲದ ಮೂರು ಕಂತು. ಬೆಂಗಳೂರಿನಲ್ಲಿ ಮೂರು ತಿಂಗಳು ಕಾರು ಬಿಟ್ಟು ಮೆಟ್ರೊ ಹತ್ತಬೇಕಾದ ಉದ್ಯೋಗಿಗೂ ಹಾನಗಲ್ಲಿನ ಗಾಡಿ ಚಾಲಕನಿಗೂ ಕಾಯ್ದೆ ಕೊಡುವ ಶಿಕ್ಷೆ ಒಂದೇ, ಬೀಳುವ ಪೆಟ್ಟು ಒಂದೇ ಅಲ್ಲ.

ಹಾಗೆಂದು ಹೆಲ್ಮೆಟ್ ವಿಷಯವನ್ನು ಕ್ಷುಲ್ಲಕವೆನ್ನಲಾಗದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಹೆಲ್ಮೆಟ್ ಧರಿಸಿರದ ಬೈಕ್ ಸವಾರರು ಮತ್ತು ಹಿಂಬದಿ ಸವಾರರು. ಅದೇ ವರ್ಷ ಕರ್ನಾಟಕದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 11,702 ಮಂದಿ. 2020ರ ಅಕ್ಟೋಬರ್‌ನಲ್ಲಿ ರಾಜ್ಯ ಸಾರಿಗೆ ಇಲಾಖೆ, ಹೆಲ್ಮೆಟ್ ಇಲ್ಲದವರಿಗೆ ದಂಡದ ಜತೆ ಮೂರು ತಿಂಗಳ ಅಮಾನತನ್ನೂ ಜಾರಿಗೊಳಿಸಬೇಕೆಂದು ಸೂಚಿಸಿದ್ದು ಅಕಾರಣವಾಗಿ ಅಲ್ಲ. ಆದರೆ ಆ ಸೂಚನೆಯ ನಂತರವೂ ತಾಲ್ಲೂಕು ಕೇಂದ್ರಗಳ ರಸ್ತೆಯಲ್ಲಿ ಕಂಡದ್ದು ಹಳೆಯ ದೃಶ್ಯವೇ: ಐನೂರು ರೂಪಾಯಿ, ಒಂದು ರಸೀದಿ, ಸವಾರ ಮುಂದಕ್ಕೆ. ಕಾಯ್ದೆಯ ಮಾತಿನಂತೆ ನಡೆದಿದ್ದರೆ ಅರ್ಧ ಊರಿನ ಪರವಾನಗಿ ಕಪಾಟು ಸೇರಿರುತ್ತಿತ್ತು. ಹಾಗೆ ಆಗಲಿಲ್ಲವೆಂಬುದು ದಯೆಯೆಂದು ತೋರಬಹುದು. ಯಾವ ದಿನ, ಯಾರ ಮೇಲೆ, ಏಕೆ ಜಾರಿಯಾಗುತ್ತದೆ ಎಂಬುದು ಗೊತ್ತಿಲ್ಲದ ಕಾನೂನು ದಯೆಯಿಂದ ದೂರವೇ ಇರುತ್ತದೆ.

ಎಚ್ಚರಿಕೆಯ ಬೆಲೆ

‘ಎಚ್ಚರಿಕೆ ಕೊಟ್ಟು ಬಿಡಲಾಯಿತು’ ಎಂಬುದು ಪೊಲೀಸ್ ಪ್ರಕಟಣೆಗಳ ಸವೆದ ವಾಕ್ಯ. ಶಾಲೆ ಆರಂಭದ ದಿನಗಳಲ್ಲಿ ಮಕ್ಕಳನ್ನು ತುಂಬಿಕೊಂಡ ಆಟೊಗಳಿಗೆ, ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ಕೂಲಿಯಾಳುಗಳನ್ನು ಹೇರಿಕೊಂಡ ಗೂಡ್ಸ್ ಗಾಡಿಗಳಿಗೆ, ಜಾತ್ರೆಗೆ ಹೊರಟ ಟ್ರ್ಯಾಕ್ಟರುಗಳಿಗೆ ಇದೇ ಮಾತು. ಚಾಲಕ ಕೈಮುಗಿಯುತ್ತಾನೆ, ಹಿಂದೆ ಕುಳಿತ ಹೆಂಗಸರು ‘ಹೋಗಲಿ ಬಿಡ್ರಿ ಸಾಹೇಬ್ರ, ಹೊತ್ತಾಗೇತಿ’ ಎನ್ನುತ್ತಾರೆ, ಗಾಡಿ ಹೊರಡುತ್ತದೆ. ಮಾನವೀಯತೆಯ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ.

ಕಾನೂನಿನ ದೃಷ್ಟಿಯಿಂದ ಮಾತ್ರ ಆ ಎಚ್ಚರಿಕೆಗೆ ಅಸ್ತಿತ್ವವೇ ಇಲ್ಲ. ಬಾಯಿಮಾತಿನ ಎಚ್ಚರಿಕೆ ಚಾಲಕನ ದಾಖಲೆಗೆ ಸೇರುವುದಿಲ್ಲ, ಮುಂದಿನ ತಪ್ಪಿಗೆ ‘ಹಿಂದಿನ ಅಪರಾಧ’ವೂ ಆಗುವುದಿಲ್ಲ. ಹತ್ತು ಬಾರಿ ಎಚ್ಚರಿಕೆ ಪಡೆದವನೂ ಹನ್ನೊಂದನೆಯ ಬಾರಿ ಸಿಕ್ಕಾಗ ಮೊದಲ ಬಾರಿಗೆ ಸಿಕ್ಕವನೇ. ಇಂದು ಕರ್ತವ್ಯದಲ್ಲಿರುವ ಅಧಿಕಾರಿಗೆ ನಿನ್ನೆಯವರು ಏನು ಹೇಳಿ ಕಳುಹಿಸಿದ್ದರೆಂದು ತಿಳಿಯುವ ದಾರಿಯಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ತಲೆಗೆ 200 ರೂಪಾಯಿ ಎನ್ನುವ ಅದೇ 194ಎ ಕಲಂ, ಹೆಚ್ಚುವರಿ ಪ್ರಯಾಣಿಕರನ್ನು ಇಳಿಸಿ ಅವರಿಗೆ ಬೇರೆ ವಾಹನದ ವ್ಯವಸ್ಥೆ ಆಗುವವರೆಗೆ ಆ ವಾಹನವನ್ನು ಮುಂದಕ್ಕೆ ಬಿಡಕೂಡದು ಎಂದೂ ಹೇಳುತ್ತದೆ. ಜನರೂ ಸರಕೂ ಹೇರಿದಂತೆಯೇ ಇರುವ ಗಾಡಿಯನ್ನು ಎಚ್ಚರಿಸಿ ಕಳುಹಿಸುವುದು, ದಂಡ ಹಾಕಿಯೇ ಕಳುಹಿಸಿದರೂ ಸರಿ, ಕಾಯ್ದೆಗೆ ವಿರುದ್ಧ. ನಡುರಾತ್ರಿಯ ತಪಾಸಣಾ ನಾಕೆಯಲ್ಲಿ ಇಪ್ಪತ್ತು ಮಂದಿಯನ್ನು ಇಳಿಸಿಕೊಂಡ ಪೇದೆ ಅವರಿಗೆ ಬೇರೆ ವಾಹನ ಎಲ್ಲಿಂದ ತರಬೇಕೆಂಬುದನ್ನು ಕಾಯ್ದೆ ಬರೆದವರು ಹೇಳಿಲ್ಲ.

ಸಂತೆಯ ವ್ಯಾಪಾರಿಗಳು ಸರಕಿನ ಮೇಲೆ ಕೂತು ಹೋಗುವುದು ಮೋಜಿಗಲ್ಲ. ಬೆಳಗಾಗುವ ಮೊದಲು ಸಂತೆಯ ಕಟ್ಟೆಯಲ್ಲಿ ಜಾಗ ಹಿಡಿಯಬೇಕು. ಮೂಟೆಗಳೊಂದಿಗೆ ಹತ್ತಿಸಿಕೊಳ್ಳುವ ಬಸ್ಸು ಆ ಹೊತ್ತಿಗಿಲ್ಲ. ಬಾಡಿಗೆಯನ್ನು ಹಲವರು ಹಂಚಿಕೊಂಡರೆ ಮಾತ್ರ ವ್ಯಾಪಾರದಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಅವಘಡವಾದಾಗ ವಿಮೆಯ ಪ್ರಶ್ನೆ ಬೇರೆ ಏಳುತ್ತದೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿ ಹೊರಟ ಪ್ರಯಾಣಿಕರ ಹೊಣೆ ವಿಮಾ ಕಂಪನಿಯದಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ದಶಕಗಳ ಹಿಂದೆಯೇ ಹೇಳಿದೆ. 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕರಿಗೆ ರಕ್ಷಣೆಯಿದೆಯಾದರೂ, ಅವರು ಸರಕಿನ ಮೇಲಲ್ಲ, ಚಾಲಕನ ಕ್ಯಾಬಿನ್ನಿನಲ್ಲಿ ಕುಳಿತಿರಬೇಕೆಂಬ ನಿಲುವನ್ನು ನಂತರದ ತೀರ್ಪುಗಳು ತಳೆದಿವೆ. ಕ್ಯಾಬಿನ್ನಿನಲ್ಲಿ ಎಷ್ಟು ಮಂದಿ ಹಿಡಿದಾರು?

ಗಾಡಿಯ ಲೆಕ್ಕ, ಚಾಲಕನ ಲೆಕ್ಕ

ಬರೆದ ಟಿಕೆಟ್ ಕೂಡ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ಇನ್ನೊಂದು ತೊಡಕು. ವಾಹನಗಳ ನೋಂದಣಿಯ ಗಣಕ ದಾಖಲೆಗೆ ‘ವಾಹನ್’ ಎಂದೂ ಪರವಾನಗಿಗಳ ದಾಖಲೆಗೆ ‘ಸಾರಥಿ’ ಎಂದೂ ಹೆಸರು. ಕ್ಯಾಮೆರಾ ಹಿಡಿದ ಚಿತ್ರದಲ್ಲಿ ಕಾಣುವುದು ನೋಂದಣಿ ಫಲಕ. ನೋಟಿಸು ಹೋಗುವುದು ಮಾಲೀಕನಿಗೆ. ಓಡಿಸುತ್ತಿದ್ದವರು ಯಾರೆಂದು ಕೇಳಿದಾಗ ತಿಳಿಸುವುದು 133ನೇ ಕಲಮಿನ ಪ್ರಕಾರ ಮಾಲೀಕನ ಕರ್ತವ್ಯ. ಕೇಳುವ ಶ್ರಮವನ್ನು ಯಾರೂ ತೆಗೆದುಕೊಳ್ಳದೆ, ಮಾಲೀಕ ಹಣ ಕಟ್ಟಿ ಕೈತೊಳೆದುಕೊಂಡರೆ, ತಪ್ಪು ಗಾಡಿಯ ಹೆಸರಿನಲ್ಲಿ ಉಳಿಯುತ್ತದೆ. ತಪ್ಪು ಮಾಡಿದವನು ಬೇರೆ ಮಾಲೀಕನ ಬೇರೆ ಗಾಡಿ ಹತ್ತುತ್ತಾನೆ. ಕೆಎ 27 ಎಂಬ ಹಾವೇರಿಯ ಫಲಕದ ಒಂದೇ ಲಾರಿಯನ್ನು ಒಂದು ವರ್ಷದಲ್ಲಿ ನಾಲ್ವರು ಚಾಲಕರು ಓಡಿಸುವುದು ಸಾಮಾನ್ಯ. ದಾಖಲೆಯಲ್ಲಿ ಪುಂಡನಾಗಿ ಕಾಣುವುದು ಲಾರಿ.

ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರ ಜನವರಿಯಲ್ಲಿ ಸಂಚಾರ ತಪ್ಪುಗಳಿಗೆ ಅಂಕ ಕೊಟ್ಟು, ಅದಕ್ಕನುಗುಣವಾಗಿ ವಿಮಾ ಕಂತು ಏರಿಸಬೇಕೆಂದು ಶಿಫಾರಸು ಮಾಡಿತ್ತು. ಕುಡಿದು ಓಡಿಸಿದರೆ ನೂರು ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ ಹತ್ತು. ಅಲ್ಲಿಯೂ ಹೊರೆ ಬೀಳುವುದು ವಾಹನದ ಮಾಲೀಕನ ಮೇಲೆ. ಇದಕ್ಕೆ ಹೋಲಿಸಿದರೆ ಬ್ರಿಟನ್ನಿನಲ್ಲಿ ಅಂಕಗಳು ಪರವಾನಗಿಗೇ ಅಂಟುತ್ತವೆ. ಮೂರು ವರ್ಷಗಳಲ್ಲಿ ಹನ್ನೆರಡು ಅಂಕ ತುಂಬಿದರೆ ಸಾಮಾನ್ಯವಾಗಿ ಚಾಲನೆಗೆ ನಿಷೇಧ. ಜರ್ಮನಿಯಲ್ಲಿ ಎಂಟು ಅಂಕಕ್ಕೆ ಪರವಾನಗಿ ಹೋಗುತ್ತದೆ. ಈ ದೇಶಗಳ ಚಾಲಕನಿಗೆ ತನ್ನ ಖಾತೆಯಲ್ಲಿ ಎಷ್ಟು ಉಳಿದಿದೆ ಎಂಬುದು ಗೊತ್ತಿರುತ್ತದೆ. ಹಿರೇಕೆರೂರಿನ ಚಾಲಕನಿಗೆ ತನ್ನ ಹೆಸರಿನಲ್ಲಿ ಖಾತೆಯಿದೆ ಎಂಬುದೇ ಗೊತ್ತಿಲ್ಲ.

ಭಾರತದಲ್ಲಿ ಅಂಕಗಳ ಪದ್ಧತಿ ಇಲ್ಲವಾದರೂ ಆ ದಿಕ್ಕಿನ ಹೆಜ್ಜೆಗಳು ಒಂದರ ಹಿಂದೊಂದು ಬಿದ್ದಿವೆ. 2019ರ ತಿದ್ದುಪಡಿ ರಾಷ್ಟ್ರೀಯ ಪರವಾನಗಿ ನೋಂದಣಿ ಪುಸ್ತಕಕ್ಕೆ ಅವಕಾಶ ಮಾಡಿತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮಗಳು ಅನರ್ಹಗೊಂಡ ಮತ್ತು ರದ್ದಾದ ಪರವಾನಗಿಗಳ ವಿವರವನ್ನು ಕಾಲಾನುಕ್ರಮದಲ್ಲಿ ಸರಕಾರಿ ಜಾಲತಾಣದಲ್ಲಿ ದಾಖಲಿಸಬೇಕೆಂದೂ ಚಾಲಕರ ನಡವಳಿಕೆಯ ಮೇಲೆ ಕಣ್ಣಿಡಬೇಕೆಂದೂ ಹೇಳಿದವು. 2026ರ ಜನವರಿಯಲ್ಲಿ ಪ್ರಕಟವಾದ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಒಂದು ವರ್ಷದಲ್ಲಿ ಐದು ಅಥವಾ ಹೆಚ್ಚು ಸಂಚಾರ ತಪ್ಪುಗಳನ್ನು ಮಾಡುವುದನ್ನೇ ಪರವಾನಗಿಗೆ ಕುತ್ತು ತರುವ ಕಾರಣವಾಗಿಸಿತು. ಎಣಿಕೆ ಆರಂಭವಾಗಿದೆ ಎಂದರ್ಥ. ಆದರೆ ಎಣಿಕೆಯಾಗುವುದು ಬರೆದ ತಪ್ಪುಗಳು ಮಾತ್ರ. ಕ್ಯಾಮೆರಾ ದಟ್ಟವಾಗಿರುವ ನಗರದಲ್ಲಿ ವರ್ಷಕ್ಕೆ ಐದು ತುಂಬುವುದು ಸುಲಭ; ಎಚ್ಚರಿಕೆಯಲ್ಲೇ ಕೆಲಸ ಸಾಗುವ ತಾಲ್ಲೂಕಿನಲ್ಲಿ ಐದು ವರ್ಷವಾದರೂ ಒಂದು ತುಂಬದು. ಪರವಾನಗಿ ಒಂದೇ ದೇಶದ್ದಾದರೂ ದಾಖಲೆ ಎರಡು ಬಗೆಯದಾಗುತ್ತದೆ.

ರಿಯಾಯಿತಿಯ ಹಬ್ಬಗಳು ಈ ಗೊಂದಲವನ್ನು ಹೆಚ್ಚಿಸಿವೆ. ಬಾಕಿ ಉಳಿದ ಇ-ಚಲನ್‌ಗಳಿಗೆ ಶೇ 50ರಷ್ಟು ವಿನಾಯಿತಿಯನ್ನು ರಾಜ್ಯ ಸರಕಾರ 2023ರ ಫೆಬ್ರುವರಿಯಲ್ಲಿ ಮೊದಲು ಘೋಷಿಸಿತು. ಬೆಂಗಳೂರೊಂದರಲ್ಲೇ ನೂರು ಕೋಟಿ ರೂಪಾಯಿಗೂ ಹೆಚ್ಚು ಹಣ ಜಮೆಯಾಯಿತು. ಅದೇ ವರ್ಷ ಮತ್ತೆ, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ಕೊಡುಗೆ ಬಂತು. ಸೀರೆ ಅಂಗಡಿಯ ಆಷಾಢದ ಮಾರಾಟದಂತೆ ಜನ ಸರತಿಯಲ್ಲಿ ನಿಂತರು. ಬೊಕ್ಕಸಕ್ಕೆ ಬರಬೇಕಾದದ್ದರಲ್ಲಿ ಅರ್ಧವಾದರೂ ಬಂತೆಂಬುದು ಅಧಿಕಾರಿಗಳ ಸಮಾಧಾನ. ಅರ್ಧ ಹಣ ಕಟ್ಟಿದವರಲ್ಲಿ ಎಷ್ಟು ಮಂದಿಗೆ, ಆ ರಸೀದಿ 200ನೇ ಕಲಮಿನಡಿ ತಮ್ಮ ಮುಂದಿನ ತಪ್ಪನ್ನು ‘ಎರಡನೆಯದು’ ಮಾಡಬಲ್ಲದೆಂದು ಯಾರಾದರೂ ಹೇಳಿದರೇ? ಹಣ ವಸೂಲಿಯ ಜಾಹೀರಾತಿನಲ್ಲಿ ಆ ಸಾಲಿಗೆ ಜಾಗವಿರಲಿಲ್ಲ.

ಹೆದ್ದಾರಿಯ ಲೆಕ್ಕ ಬೇರೆ. 2024ರ ಆಗಸ್ಟ್ 1ರಿಂದ ರಾಜ್ಯದ ಯಾವುದೇ ರಸ್ತೆಯಲ್ಲಿ ಗಂಟೆಗೆ 130 ಕಿಲೋಮೀಟರ್ ಮೀರಿದರೆ ದಂಡವಷ್ಟೇ ಅಲ್ಲ, ಎಫ್‌ಐಆರ್ ದಾಖಲಿಸಬೇಕೆಂದು ಪೊಲೀಸ್ ಇಲಾಖೆ ಆದೇಶಿಸಿತು. ಇದು ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನ ಅಜಾಗರೂಕ ಚಾಲನೆಯ ಪ್ರಕರಣ. ಚಲನ್ ಕಟ್ಟಿ ಮುಗಿಸುವಂತಹದಲ್ಲ. ಉದ್ಯೋಗಕ್ಕೆ ಅರ್ಜಿ ಹಾಕುವ ಯುವಕನಿಗೆ ಟಿಕೆಟ್ಟು ಮತ್ತು ಎಫ್‌ಐಆರ್ ನಡುವಿನ ಅಂತರ ಸಣ್ಣದಲ್ಲ: ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ ಎಂಬ ಅಂಕಣದಲ್ಲಿ ಎರಡನೆಯದನ್ನು ಬರೆಯಲೇಬೇಕಾಗುತ್ತದೆ. ಇನ್ನು 2024ರ ಜೂನ್ 28ರಂದು ಇದೇ ಹೆದ್ದಾರಿಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಅಪ್ಪಳಿಸಿ 13 ಮಂದಿ ಸತ್ತದ್ದನ್ನು ಜಿಲ್ಲೆ ಮರೆತಿಲ್ಲ. ಆ ಪ್ರಕರಣದ ಹೊಣೆ ಯಾರದೆಂಬುದು ನ್ಯಾಯಾಲಯದ ವಿಷಯ. ಆದರೆ ಹೆದ್ದಾರಿಯ ಅಂಚಿನಲ್ಲಿ ಅಪಾಯಕ್ಕೆ ಎಡೆಯಾಗುವಂತೆ ವಾಹನ ನಿಲ್ಲಿಸುವುದೂ ಪರವಾನಗಿ ವಶಪಡಿಸಿಕೊಳ್ಳುವ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಬೇಕು. ಸಾವು ಸಂಭವಿಸಿದ ಮೇಲಷ್ಟೇ ಚಾಲಕನ ಹಳೆಯ ನಡವಳಿಕೆಯನ್ನು ಹುಡುಕಲು ಹೊರಡುವ ವ್ಯವಸ್ಥೆಗೆ ಸಿಗುವುದು ಸ್ವಚ್ಛವಾದ ಪರವಾನಗಿ. ಸ್ವಚ್ಛವಾಗಿ ಓಡಿಸಿದ್ದಕ್ಕಲ್ಲ, ಯಾರೂ ಏನನ್ನೂ ಬರೆಯದಿದ್ದಕ್ಕೆ.

ಅಮಾನತಿನ ನೋಟಿಸು ಬಂದವರು ಮಾಡಬಹುದಾದದ್ದು ಏನೂ ಇಲ್ಲವೆಂದು ಭಾವಿಸುವುದೂ ತಪ್ಪು. ಚಾಲಕನ ಅಹವಾಲು ಕೇಳದೆ ಪರವಾನಗಿ ಪ್ರಾಧಿಕಾರ ಆದೇಶ ಹೊರಡಿಸುವಂತಿಲ್ಲ. ಕಾರಣಗಳನ್ನು ವಿವರವಾಗಿ ಬರೆಯಬೇಕು. ಪರವಾನಗಿಯಲ್ಲಿರುವ ಎಲ್ಲ ವರ್ಗದ ವಾಹನಗಳಿಗೆ ಅನರ್ಹಗೊಳಿಸಬಹುದು, ಅಥವಾ ಯಾವುದಾದರೂ ಒಂದು ವರ್ಗಕ್ಕೆ ಮಾತ್ರ ಸೀಮಿತಗೊಳಿಸಬಹುದು. ಪೂರ್ತಿ ಬಿಟ್ಟುಬಿಡಲೂ ಬಹುದು. ಹೆಲ್ಮೆಟ್ ಇಲ್ಲದೆ ಸಿಕ್ಕ ಗಾಡಿ ಚಾಲಕ, ಅನರ್ಹತೆಯನ್ನು ದ್ವಿಚಕ್ರ ವಾಹನಕ್ಕಷ್ಟೇ ಮಿತಿಗೊಳಿಸಿ ತನ್ನ ದುಡಿಮೆಯನ್ನು ಉಳಿಸಬೇಕೆಂದು 19ನೇ ಕಲಮಿನ ಮಾತುಗಳನ್ನೇ ಹಿಡಿದು ಕೇಳಬಹುದು. ಆದೇಶ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಈ ನಾಲ್ಕು ತಾಲ್ಲೂಕು ಕೇಂದ್ರಗಳವರು ಇದಕ್ಕಾಗಿ ಹಾವೇರಿಗೋ ರಾಣೆಬೆನ್ನೂರಿಗೋ ಓಡಾಡಬೇಕು, ಒಂದೊಂದು ಓಡಾಟಕ್ಕೂ ಒಂದು ದಿನದ ದುಡಿಮೆ ಹೋಗುತ್ತದೆ. ಹೀಗಾಗಿ ವಿಚಾರಣೆಗೆ ಹೋಗದೆ, ನೋಟಿಸನ್ನು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ತುರುಕಿ ಓಡಿಸುತ್ತಲೇ ಇರುವವರ ಸಂಖ್ಯೆ ಕಡಿಮೆಯೇನಲ್ಲ.

ಅಪಾಯ ಇರುವುದು ಅಲ್ಲಿ. ಅನರ್ಹತೆಯ ಅವಧಿಯಲ್ಲಿ ವಾಹನ ಓಡಿಸಿ ಸಿಕ್ಕರೆ 182ನೇ ಕಲಂ ಮೂರು ತಿಂಗಳ ಸೆರೆಮನೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ಹೇಳುತ್ತದೆ. ಆ ಅವಧಿಯಲ್ಲಿ ಅಪಘಾತವಾದರೆ, ಚಾಲಕ ಅನರ್ಹನಾಗಿದ್ದನೆಂಬುದು ವಿಮಾ ಕಂಪನಿಯ ಕೈಗೆ ಸಿಗುವ ಪ್ರಬಲ ವಾದ. ಸ್ವರಣ್ ಸಿಂಗ್ ಪ್ರಕರಣದ 2004ರ ತೀರ್ಪಿನ ನಂತರ ಇಂತಹ ಸಂದರ್ಭಗಳಲ್ಲಿ ಗಾಯಾಳುವಿಗೆ ಕಂಪನಿಯಿಂದಲೇ ಪರಿಹಾರ ಕೊಡಿಸಿ, ಆ ಹಣವನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಬಿಡುವುದುಂಟು. ಐನೂರು ರೂಪಾಯಿಯ ತಪ್ಪಿನಿಂದ ಆರಂಭವಾದದ್ದು ಹೊಲ ಮಾರಿ ತೀರಿಸಬೇಕಾದ ಸಾಲವಾಗಿ ಮುಗಿಯಬಹುದು. ಚಾಲಕನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮಾಲೀಕರು ಕಾರ್ಡು ಇದೆಯೇ ಎಂದು ನೋಡುತ್ತಾರೆಯೇ ಹೊರತು, ಅದು ಇಂದು ಚಾಲ್ತಿಯಲ್ಲಿದೆಯೇ ಎಂದು ‘ಸಾರಥಿ’ಯಲ್ಲಿ ನೋಡುವುದು ಅಪರೂಪ. ಅದಕ್ಕೆ ಬೇಕಾದದ್ದು ಪರವಾನಗಿ ಸಂಖ್ಯೆ, ಜನ್ಮದಿನಾಂಕ ಮತ್ತು ಎರಡು ನಿಮಿಷ.

ದಾಖಲೆ ಶಾಶ್ವತವೇ ಎಂಬ ಪ್ರಶ್ನೆಗೆ ಕಾಯ್ದೆ ಹಿಂದಿನಿಂದಲೂ ಉತ್ತರ ಇಟ್ಟುಕೊಂಡಿದೆ. ಅನರ್ಹತೆಯ ಆದೇಶವನ್ನು ಪರವಾನಗಿಯ ಮೇಲೆ ಹಿಂಬರಹವಾಗಿ ನಮೂದಿಸಬೇಕು. ಹೊಸ ಪರವಾನಗಿ ಪಡೆದರೂ ನಕಲು ಪ್ರತಿ ಪಡೆದರೂ ಅದು ಜತೆಗೇ ಸಾಗುತ್ತದೆ. ಹಿಂಬರಹವನ್ನು ಮುಚ್ಚಿಟ್ಟು ಬೇರೆ ಪರವಾನಗಿಗೆ ಅರ್ಜಿ ಹಾಕುವುದು ಅಪರಾಧ. ಆದರೆ ಮೂರು ವರ್ಷಗಳ ಕಾಲ ಸತತವಾಗಿ ಇನ್ನೊಂದು ಹಿಂಬರಹ ಬೀಳದಿದ್ದರೆ ಕಳಂಕವಿಲ್ಲದ ಹೊಸ ಪರವಾನಗಿ ಪಡೆಯಲು 25ನೇ ಕಲಂ ಹಕ್ಕು ಕೊಡುತ್ತದೆ. ತಪ್ಪು ವೇಗಮಿತಿ ಮೀರಿದ್ದಷ್ಟೇ ಆಗಿದ್ದರೆ ಒಂದು ವರ್ಷ ಸಾಕು. ಅನರ್ಹತೆಯ ಅವಧಿಯನ್ನು ಈ ಲೆಕ್ಕದಿಂದ ಕಳೆಯಲಾಗುತ್ತದೆ. ಹಿಂಬರಹ ತಾನಾಗಿ ಅಳಿಸಿಹೋಗುವುದಿಲ್ಲ. ಅವಧಿ ತುಂಬಿದ ಮೇಲೆ ಚಾಲಕನೇ ಹಳೆಯ ಪರವಾನಗಿಯನ್ನು ಒಪ್ಪಿಸಿ, ಸಾರಿಗೆ ಕಚೇರಿಯ ಕಿಟಕಿಯಲ್ಲಿ ನಿಗದಿತ ಶುಲ್ಕ ಕಟ್ಟಿ, ಹೊಸದನ್ನು ಕೇಳಿ ಪಡೆಯಬೇಕು.